ಅಡುಗೆ ಪುಸ್ತಕ ಬಿಸಾಡೋ ಹಕ್ಕು ಯಾರದ್ದು?

ಹೋದ ಸಲ ಊರಿಗೆ ಹೋದಾಗ ನಮ್ಮನೆ ಜಗಲಿ ಮೇಲೆ 61 ಅಡುಗೆ ಪುಸ್ತಕಗಳು ಬಿಸಿಲು ಕಾಯಿಸ್ತಾ ಬಿದ್ದಿದ್ದವು. ಎಣಿಸಿದ್ದು ನಾನೇ. ಊರು ಅಂದ್ರೆ ಹರಿಹರಪುರ, ಕೊಪ್ಪ ತಾಲ್ಲೂಕು, ತುಂಗೆಯ ದಂಡೆ. ನಮ್ಮಲ್ಲಿ ಮಳೆಗಾಲ ಮುಗಿದ ಮೇಲೆ ಬಿಸಿಲಿಗೆ ಹಾಕದಿದ್ರೆ ಪುಸ್ತಕಕ್ಕೂ ಬೂಸ್ಟು, ಚಪ್ಪಲಿಗೂ ಬೂಸ್ಟು. ಹಾಗಾಗಿ ಪುಸ್ತಕ ಒಣಗಿಸೋದು ವಿಶೇಷವೇನಲ್ಲ. ವಿಶೇಷ ಏನಂದ್ರೆ, ಈ ಸಲ ಒಣಗಿಸಿದ್ದು ವಾಪಸ್ ಒಳಗಿಡೋಕಲ್ಲ, ಗುಜರಿಯವನಿಗೆ ಕೊಡೋಕೆ!

ವಿಷಯ ಇಷ್ಟೇ. ಅಡುಗೆಮನೆಗೆ ಹೊಸ ಕಪಾಟು ಮಾಡಿಸ್ತಿದ್ದಾರೆ. ಹಳೇದಕ್ಕೆ ಒರಲೆ ಹತ್ತಿತ್ತು. ಹೊಸದರಲ್ಲಿ ಪುಸ್ತಕಕ್ಕೆ ಒಂದೇ ಒಂದು ಖಾನೆ. ಅಮ್ಮ ಫೋನಿನಲ್ಲಿ ಇದನ್ನ ಹೇಳಿದಾಗ ಬೆಂಗಳೂರಲ್ಲಿ ಕೂತಿದ್ದ ನನಗೆ ಎದೆ ಝಲ್ಲೆಂದಿತು. “ಒಂದೂ ಮುಟ್ಬೇಡ, ನಾನು ಶನಿವಾರ ಬರ್ತೀನಿ” ಅಂದೆ. ಅಮ್ಮ ತಣ್ಣಗೆ, “ಬಾ ಮಾರಾಯ. ಬಂದು ನೀನೇ ಧೂಳು ಹೊಡಿ. ನಂಗೂ ಸಾಕಾಗಿದೆ” ಅಂದಳು.

ಆ ಮಾತು ಆಗ ನನ್ನ ತಲೆಗೆ ಹೋಗಲಿಲ್ಲ. ಇಡೀ ರಾತ್ರಿ ಬಸ್ಸಲ್ಲಿ, ನಾನೇನೋ ತಾಳೆಗರಿ ಭಂಡಾರ ಉಳಿಸೋಕೆ ಹೊರಟಿದ್ದೀನಿ ಅನ್ನೋ ಹುರುಪಿನಲ್ಲಿದ್ದೆ.

ಮನೆಯಲ್ಲಿ ಆಗಲೇ ಅಕ್ಕನೂ ಬಂದಿದ್ದಳು. ಅಕ್ಕನ ಹತ್ತಿರ ನಿಯಮಗಳಿದ್ದವು. ಒಂದು ವರ್ಷ ತೆಗೆದು ನೋಡದ ಪುಸ್ತಕ ಮನೆಯಲ್ಲಿ ಇರಬಾರದು. ಕೈಯಲ್ಲಿ ಹಿಡಿದಾಗ ಖುಷಿ ಆಗದಿದ್ರೆ ಅದಕ್ಕೊಂದು ಥ್ಯಾಂಕ್ಸ್ ಹೇಳಿ ಕಳಿಸಿಕೊಡಬೇಕು. ಇದು ಜಪಾನಿನ ಮರಿ ಕೊಂಡೊ ಅವರ ಪಾಠ ಅಂತ ನಿಮಗೆಲ್ಲ ಗೊತ್ತಿರತ್ತೆ. ಅವರ ಪುಸ್ತಕ ಇಂಗ್ಲಿಷಿಗೆ ಬಂದದ್ದು 2014ರಲ್ಲಿ, ನೆಟ್‌ಫ್ಲಿಕ್ಸ್‌ನಲ್ಲಿ ಬಂದದ್ದು 2019ರಲ್ಲಿ. ಆಮೇಲಿಂದ ನಮ್ಮ ಕಡೆ ಗೃಹಪ್ರವೇಶದ ಮನೆಗಳಲ್ಲೂ ಅದೇ ಮಾತು. (2023ರಲ್ಲಿ ಅವರೇ, ಮೂರನೇ ಮಗು ಆದ ಮೇಲೆ ಮನೆ ಮೊದಲಿನ ಹಾಗೆ ಒಪ್ಪವಾಗಿಡೋದನ್ನ ಹೆಚ್ಚುಕಮ್ಮಿ ಬಿಟ್ಟಿದ್ದೀನಿ ಅಂತ ಹೇಳಿಕೊಂಡರು. ಆ ಸುದ್ದಿ ಅಕ್ಕನವರೆಗೆ ಬಂದಂತಿಲ್ಲ!) ಅಮ್ಮ ಪಾಪ, ಅಕ್ಕ ಹೇಳಿದ ಹಾಗೆ ಕುಕ್ಕರ್ ಜೊತೆ ಬಂದ ಪುಸ್ತಕವನ್ನ ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತಳು. “ಖುಷಿ ಎಂತದೂ ಇಲ್ಲ, ಕೈಗೆ ಬೂಸ್ಟು ಬಂತು” ಅಂದಳು.

ಮೊದಲು ಈ ಒಂದು ವರ್ಷದ ನಿಯಮದ ಬಗ್ಗೆ ಜಗಳ ಆಡಿಬಿಡ್ತೀನಿ. ಇದು ಪ್ಯಾಂಟು ಶರ್ಟಿಗೆ ಮಾಡಿದ ನಿಯಮ. ಅಡುಗೆಮನೆಗೆ ಹೊಂದೋದೇ ಇಲ್ಲ. ಕಾಡುಮಾವಿನ ಮರ ಎಲ್ಲ ವರ್ಷವೂ ಒಂದೇ ಸಮ ಬಿಡೋದಿಲ್ಲ. ಒಂದು ವರ್ಷ ಮಿಡಿ ಜೋರು, ಮರುವರ್ಷ ಮರ ಸುಮ್ಮನೆ ನಿಂತಿರತ್ತೆ. ಮಿಡಿ ಸಿಗದ ವರ್ಷ ಉಪ್ಪಿನಕಾಯಿ ಅಳತೆ ಯಾರು ತೆಗೆದು ನೋಡ್ತಾರೆ? ನಮ್ಮನೆಯಲ್ಲಿ ಬಾಣಂತಿ ಲೇಹ್ಯದ್ದು ಅಂತ ಒಂದು ಚೀಟಿ ಇದೆ. ಎಂಟು ವರ್ಷದಿಂದ ಯಾರೂ ಮುಟ್ಟಿಲ್ಲ. ಎಂಟು ವರ್ಷದ ಹಿಂದೆ ಮುಟ್ಟಿದ್ದು ಯಾಕಂದ್ರೆ ಇದೇ ಅಕ್ಕನ ಬಾಣಂತನಕ್ಕೆ. ನಿಯಮ ಹೇಳ್ತಾ ಕೂತವಳು ತಿಂದ ಲೇಹ್ಯ ಅದು! ಇದನ್ನ ಹೇಳಿದಾಗ ಅಕ್ಕ ನಕ್ಕು, ಆ ಚೀಟಿ ಎತ್ತಿ ತನ್ನ ಬ್ಯಾಗಿಗೆ ಹಾಕ್ಕೊಂಡಳು. ಅಮ್ಮ ಬ್ಯಾಗಿಂದ ತೆಗೆದು ವಾಪಸ್ ಇಟ್ಟಳು.

ಎರಡನೇ ಜಗಳ ನನ್ನ ಜಾತಿಯವರ ಜೊತೆ, ಅಂದ್ರೆ ಸಾಫ್ಟ್‌ವೇರಿನವರ ಜೊತೆ. ನಮ್ಮ ಹತ್ತಿರ ಎಲ್ಲದಕ್ಕೂ ಒಂದೇ ಉತ್ತರ. ಸ್ಕ್ಯಾನ್ ಮಾಡು, ಕ್ಲೌಡಿಗೆ ಹಾಕು, ಕಾಗದ ಬಿಸಾಡು. ನಮ್ಮ ಚಿಕ್ಕಮ್ಮ 2005ರಲ್ಲೇ ಈ ಕೆಲಸ ಮಾಡಿದ್ದರು. ತಮ್ಮ ಅತ್ತೆಯ ಅಡುಗೆ ಪಟ್ಟಿಯನ್ನೆಲ್ಲ ದುಡ್ಡು ಕೊಟ್ಟು ಟೈಪ್ ಮಾಡಿಸಿ ಸಿ.ಡಿ.ಗೆ ಹಾಕಿಸಿ, ಮೂಲ ನೋಟ್‌ಬುಕ್ಕನ್ನ ಒಲೆಗೆ ಹಾಕಿದರು. ನಾನು ಇಂಜಿನಿಯರ್ ಆದ ಮೇಲೆ ಆ ಸಿ.ಡಿ. ನನ್ನ ಕೈಗೆ ಬಂತು. ನನ್ನ ಲ್ಯಾಪ್‌ಟಾಪಿನಲ್ಲಿ ಸಿ.ಡಿ. ಹಾಕೋ ಜಾಗವೇ ಇಲ್ಲ. ಆಫೀಸಿನ ಗೆಳೆಯನ ಹತ್ತಿರ ಹಳೇ ಡ್ರೈವ್ ತಂದು ಹಾಕಿ ನೋಡಿದರೆ, ಯೂನಿಕೋಡ್ ಅಲ್ಲದ ಯಾವುದೋ ಹಳೇ ಫಾಂಟು. ಪರದೆ ತುಂಬ ತಲೆ ಮೇಲೆ ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳು. ಪರಿವರ್ತಕಗಳನ್ನ ಹುಡುಕಿ ಮುಕ್ಕಾಲು ಪಾಲು ಬಿಡಿಸಿಕೊಂಡೆ. ಉಳಿದ ಕಾಲು ಪಾಲು ಫೈಲೇ ತೆರೆಯಲಿಲ್ಲ. ಮೂಲ ಇದ್ದಿದ್ರೆ ಒಂದು ಲೋಟ ಕಾಫಿ ಕುಡಿಯೋದರೊಳಗೆ ಓದಿ ಮುಗಿಸಬಹುದಿತ್ತು. ಕ್ಲೌಡ್ ಅಂತೀರಾ? ಜಿಯೋಸಿಟೀಸ್ 2009ರಲ್ಲಿ ಹೋಯ್ತು, ಆರ್ಕುಟ್ 2014ರಲ್ಲಿ ಹೋಯ್ತು, ಗೂಗಲ್ ಪ್ಲಸ್ 2019ರಲ್ಲಿ ಹೋಯ್ತು. ಅಲ್ಲಿ ಎಷ್ಟು ಜನರ ಅಡುಗೆ ಇತ್ತೋ! ಫೋಟೋ ತೆಗೀಬೇಡಿ ಅಂತ ನಾನು ಹೇಳ್ತಿಲ್ಲ. ಧಾರಾಳ ತೆಗೀರಿ, ನಾನೂ ತೆಗೆದೆ. ಫೋಟೋ ತೆಗೆದಿದ್ದೀನಿ ಅನ್ನೋ ಧೈರ್ಯದ ಮೇಲೆ ಕಾಗದ ಬಿಸಾಡ್ತೀರಲ್ಲ, ಅದಕ್ಕೆ ನನ್ನ ತಕರಾರು.

ಇಷ್ಟರವರೆಗೆ ನಾನು ಗೆಲ್ತಾ ಇದ್ದೆ. ಇನ್ನು ಮುಂದೆ ನನ್ನ ಮಾನ ಹೋಗತ್ತೆ.

2015ರಲ್ಲಿ ಅಜ್ಜಿ ತೀರಿಕೊಂಡಳು. ಆಗ ನಾನು ಪಿಯುಸಿ ಮುಗಿಸಿದ್ದೆ. ಹದಿಮೂರು ದಿನ ಕಳೆದ ಮೇಲೆ ಅಟ್ಟ ಸ್ವಚ್ಛ ಮಾಡೋ ಕೆಲಸ ನನಗೆ ಬಂತು. ಅಟ್ಟದಲ್ಲಿ ಗೋಣಿದಾರ ಕಟ್ಟಿದ ಒಂದು ಗಂಟು ಹಳೇ ಪಂಚಾಂಗ. ಸುಮಾರು ಮೂವತ್ತು ವರ್ಷದ್ದು. ಹೋದ ವರ್ಷದ ಪಂಚಾಂಗಕ್ಕಿಂತ ಕೆಲಸಕ್ಕೆ ಬಾರದ ವಸ್ತು ಲೋಕದಲ್ಲಿ ಇದೆಯಾ? ಯಾವ ನಿಯಮ ಹಾಕಿ ನೋಡಿದರೂ ಬಿಸಾಡೋದೇ ಸರಿ. ಯಾರನ್ನೂ ಕೇಳದೆ ಗುಜರಿಗೆ ಹಾಕಿದೆ. ಬಂದ ದುಡ್ಡಲ್ಲಿ ಕೊಪ್ಪದಲ್ಲಿ ಏನೋ ತಿಂದೆ.

ವಾರದ ಮೇಲೆ ಅಮ್ಮ ಹುಡುಕಾಡೋಕೆ ಶುರು ಮಾಡಿದಳು. ಅಜ್ಜಿ ಪ್ರತಿ ವರ್ಷ ಪಂಚಾಂಗದ ಅಂಚಿನಲ್ಲಿ ಉಪ್ಪಿನಕಾಯಿ ಲೆಕ್ಕ ಬರೆದಿಡ್ತಿದ್ದಳಂತೆ. ಯಾವ ದಿನ ಮಿಡಿ ಕೊಯ್ಸಿದ್ದು, ಯಾವ ಹಳ್ಳದ ಬದಿಯ ಯಾವ ಮರದ್ದು, ಎಷ್ಟು ಸಾವಿರ, ಉಪ್ಪು ಎಷ್ಟು ಸೇರು, ಎಷ್ಟು ದಿನಕ್ಕೆ ಚಿರುಟಿತು, ಆ ಮರದ್ದು ಎರಡನೇ ವರ್ಷಕ್ಕೆ ಮೆತ್ತಗಾಯ್ತಾ ಇಲ್ವಾ. ಮಿಡಿ ಮಾವಿನ ವಿಷಯ ಗೊತ್ತಿಲ್ಲದವರಿಗೆ ಹೇಳ್ತೀನಿ. ಒಂದೊಂದು ಮರದ ಮಿಡಿಗೆ ಒಂದೊಂದು ಪರಿಮಳ, ಸೊನೆಯ ಘಾಟು ಬೇರೆ, ಬಾಳಿಕೆ ಬೇರೆ. ಅಪ್ಪೆಮಿಡಿಯ ಬೀಜ ಊರಿದರೆ ಅದೇ ಗುಣದ ಮರ ಬರತ್ತೆ ಅನ್ನೋ ಖಾತ್ರಿ ಇಲ್ಲ, ಕಸಿಯೇ ಕಟ್ಟಬೇಕು. ಕಸಿ ಕಟ್ಟೋಕೆ ಮೊದಲು ಮರ ಯಾವುದು ಅಂತ ಗೊತ್ತಿರಬೇಕಲ್ಲ ಸ್ವಾಮಿ? ಅದು ಗೊತ್ತಿದ್ದದ್ದು ಆ ಗಂಟಿಗೆ. ಅಮ್ಮನಿಗೆ ಎರಡು ಮರ ಗೊತ್ತು. ಅಜ್ಜಿ ಏಳೋ ಎಂಟೋ ಮರದ ಲೆಕ್ಕ ಇಟ್ಟಿದ್ದಳು.

ಅಮ್ಮ ಬಯ್ಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

ಈಗ ನಿಮಗೆ ಗೊತ್ತಾಗಿರಬಹುದು, ಈ ಸಲ ಫೋನಲ್ಲಿ ನಾನು ಯಾಕೆ ಹಾಗೆ ಕೂಗಾಡಿದೆ ಅಂತ. ಆದ್ರೆ ಪಾಪಪ್ರಜ್ಞೆಯಿಂದ ಕೂಗಾಡೋನಿಗೆ ಬುದ್ಧಿ ಬಂದಿರತ್ತೆ ಅಂತೇನಿಲ್ಲ. ನಾನು 61ನ್ನೂ ಇಟ್ಕೋಬೇಕು ಅಂತ ಹಟ ಹಿಡಿದೆ. ಅಮ್ಮ ಕೇಳಿದಳು, “ಎಂತಕ್ಕೆ?”

“ನಮ್ಮ ಕಡೆ ಅಡುಗೆ ಅಮ್ಮಾ, ಹೋದ್ರೆ ಹೋಯ್ತು.”

“ನಮ್ಮ ಕಡೆ ಅಡುಗೆ ಇದ್ರಲ್ಲಿ ಎಲ್ಲಿದೆ, ತೋರಿಸು ನೋಡಣ.”

ಕೂತು ಹುಡುಕಿದೆ. 61ರಲ್ಲಿ 9 ಪುಸ್ತಕ ಕುಕ್ಕರು, ಮಿಕ್ಸಿ, ಗ್ರೈಂಡರು, ಓವನ್ನಿನ ಜೊತೆ ಬಂದಿದ್ದು. 47 ಅಚ್ಚಾದ ಪುಸ್ತಕಗಳು. ಮದುವೆ ಮುಂಜಿಯಲ್ಲಿ ಬಂದಿದ್ದು, ಮೇಳದಲ್ಲಿ ಮೂರಕ್ಕೆ ಇಷ್ಟು ಅಂತ ಕೊಂಡಿದ್ದು, ವಾರಪತ್ರಿಕೆ ಜೊತೆ ಬಂದಿದ್ದು. ಬಿಸಿಬೇಳೆಬಾತ್ ಒಂದೇ ಹತ್ತೊಂಬತ್ತು ಕಡೆ ಇತ್ತು. ಹತ್ತೊಂಬತ್ತರಲ್ಲೂ ‘ಉಪ್ಪು ರುಚಿಗೆ ತಕ್ಕಷ್ಟು’. “ರುಚಿಗೆ ತಕ್ಕಷ್ಟು ಅಂತ ಹೇಳೋಕೆ ಪುಸ್ತಕ ಬೇಕಾ?” ಅಂತ ಅಮ್ಮನ ಪ್ರಶ್ನೆ. ಮಲೆನಾಡಿನ ಅಡುಗೆ ಅಂತಲೇ ಹೆಸರಿಟ್ಟುಕೊಂಡ ಎರಡು ಇದ್ದವು, ಹೆಸರು ಬೇಡ. ಕಳಲೆ ಪಲ್ಯಕ್ಕೆ ಎರಡರಲ್ಲೂ ‘ಕಳಲೆಯನ್ನು ಚೆನ್ನಾಗಿ ತೊಳೆದು ಹೆಚ್ಚಿಕೊಳ್ಳಿ’ ಅಂತ ಬರೆದಿದೆ. ತೊಳೆದು ಹೆಚ್ಚೋದಂತೆ! ಹಸಿ ಕಳಲೆಯಲ್ಲಿ ಸಯನೈಡ್ ಬಿಡುಗಡೆ ಮಾಡೋ ಅಂಶ ಇರತ್ತೆ. ಅದಕ್ಕೇ ನಮ್ಮಲ್ಲಿ ಹೆಚ್ಚಿ ನೀರಲ್ಲಿ ಹಾಕಿ, ದಿನಾ ನೀರು ಬದಲಾಯಿಸಿ, ಮೂರನೇ ದಿನಕ್ಕೆ ಬೇಯಿಸೋದು. ಮರಕೆಸುವಿನ ಪತ್ರೊಡೆಗೂ ‘ಹುಣಸೆಹುಳಿ ಸ್ವಲ್ಪ’. ಸ್ವಲ್ಪ ಹಾಕಿ ನೋಡಿ, ಗಂಟಲು ಕೆರೆದುಕೊಳ್ತಾ ರಾತ್ರಿ ಕಳೀತೀರಿ.

ಉಳಿದಿದ್ದು ಕೈಬರಹದ 5 ನೋಟ್‌ಬುಕ್ಕು. ಎರಡು ಅಜ್ಜಿಯದು, ಮೂರು ಅಮ್ಮನದು. ಅಜ್ಜಿಯದು ಕೆಂಪು ರಟ್ಟಿನ ಲೆಕ್ಕದ ಪುಸ್ತಕ, ಮೊದಲ ಪುಟದಲ್ಲಿ ‘ಶ್ರೀ’. ಇದರಲ್ಲಾದರೂ ಇರತ್ತೆ ಅಂತ ಆಸೆಯಿಂದ ತೆಗೆದೆ. ಟೊಮೆಟೊ ಜಾಮು. ಗೋಡಂಬಿ ಬರ್ಫಿ. ವೆಜಿಟೆಬಲ್ ಕುರ್ಮ. ಪಲಾವು. ಮೊಟ್ಟೆ ಇಲ್ಲದ ಕೇಕು. ಒಂದು ತಂಬುಳಿ ಇಲ್ಲ. ಕಳಲೆ ಇಲ್ಲ. ಹಲಸಿನಕಾಯಿ ಹುಳಿ ಇಲ್ಲ. ಕಡುಬು ಇಲ್ಲ!

ಮೊದಲು ಬೇಜಾರಾಯ್ತು, ಆಮೇಲೆ ಅರ್ಥ ಆಯ್ತು. ದಿನಾ ಮಾಡೋದನ್ನ ಯಾರಾದ್ರೂ ಬರೆದಿಡ್ತಾರಾ? ಸ್ನಾನ ಮಾಡೋದು ಹೇಗೆ ಅಂತ ನಾನು ಬರೆದಿಟ್ಟಿದ್ದೀನಾ? ಬರೆಯೋದು ಗೊತ್ತಿಲ್ಲದ್ದನ್ನ. ಯಾರದೋ ಮನೆಯಲ್ಲಿ ತಿಂದಿದ್ದು, ಪತ್ರಿಕೆಯಲ್ಲಿ ಓದಿದ್ದು, ಪೇಟೆಯಿಂದ ಬಂದ ನಾದಿನಿ ಹೇಳಿದ್ದು. ಆ ನೋಟ್‌ಬುಕ್ಕಿನಲ್ಲಿರೋದು ಅಜ್ಜಿಯ ಅಡುಗೆಯಲ್ಲ, ಅಜ್ಜಿಯ ಆಸೆ. ಅವಳ ಅಡುಗೆ ಅವಳ ಕೈಯಲ್ಲಿತ್ತು. ಕಾಗದದ ಮೇಲೆ ಇದ್ದ ಅಷ್ಟೋ ಇಷ್ಟೋ ಆ ಪಂಚಾಂಗದ ಅಂಚಿನಲ್ಲಿತ್ತು. ಅದು ಎಲ್ಲಿಗೆ ಹೋಯ್ತು ಅಂತ ಆಗಲೇ ಹೇಳಿದೆ.

ಇಲ್ಲಿಂದ ನನ್ನ ಮೂರನೇ ಜಗಳ. ಇದು ನನ್ನಂಥ ಗಂಡುಮಕ್ಕಳ ಜೊತೆ. ‘ಅಜ್ಜಿಯ ಕೈರುಚಿ’ ಅಂತ ಮೂರು ಪುಟ ಬರೆಯೋದು ನಮಗೆ ಸಲೀಸು. ಒಗ್ಗರಣೆಗೆ ಸಾಸಿವೆ ಯಾವಾಗ ಹಾಕಬೇಕು ಅಂತ ಕೇಳಿದ್ರೆ ಆಕಾಶ ನೋಡ್ತೀವಿ. ಅಮ್ಮ ಮೂವತ್ತು ವರ್ಷ ಈ 61 ಪುಸ್ತಕದ ಧೂಳು ಹೊಡೆದಿದ್ದಾಳೆ. ಪ್ರತಿ ವರ್ಷ ಬಿಸಿಲಿಗೆ ಹಾಕಿದ್ದಾಳೆ, ಬೆಳ್ಳಿಹುಳ ಬಾರದ ಹಾಗೆ ಬೇವಿನ ಎಲೆ ಇಟ್ಟಿದ್ದಾಳೆ. ನಮಗೆ ನೆನಪು ಬೇಕು, ಅದರ ಕಾವಲಿಗೆ ಮಾತ್ರ ಅವಳು ಬೇಕು. “ಸಾಕು, ಕೊಟ್ಟುಬಿಡ್ತೀನಿ” ಅಂತ ಅವಳು ಹೇಳಿದ ಕೂಡಲೇ ಸಂಸ್ಕೃತಿ ಹಾಳಾಯ್ತು ಅಂತ ನಾವು ಬೆಂಗಳೂರಿಂದ ಬಸ್ ಹತ್ತಿ ಬರ್ತೀವಿ. ಯಾವ ಮುಖ ಇಟ್ಕೊಂಡು ಸ್ವಾಮಿ?

ಕೆಲವರು ಹೇಳಬಹುದು, ಹೀಗೆಲ್ಲ ಬಿಸಾಡಿದ್ದಿದ್ರೆ ಹಳೇ ಪಾಕಗ್ರಂಥಗಳು ಉಳೀತಿತ್ತಾ ಅಂತ. ಕನ್ನಡದಲ್ಲಿ ಆ ಸಂಪತ್ತು ದೊಡ್ಡದೇ. ಸುಮಾರು 1025ರ ಹೊತ್ತಿಗೆ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಬಾವಿ ತೋಡೋದು, ಬೆಳೆ ಬೆಳೆಯೋದರ ಜೊತೆಗೆ ಅಡುಗೆಯೂ ಇದೆ. 16ನೇ ಶತಮಾನದ ಆರಂಭದ ಮಂಗರಸನ ‘ಸೂಪಶಾಸ್ತ್ರ’ ಇಡೀ ಪುಸ್ತಕವೇ ಅಡುಗೆಯದು, ಅದೂ ಷಟ್ಪದಿಯಲ್ಲಿ, ಕಳಲೆಗೂ ಅದರಲ್ಲಿ ಜಾಗ ಇದೆ. ನಮ್ಮ ಮಲೆನಾಡಿನದೇ ಕೆಳದಿಯ ಬಸವಪ್ಪ ನಾಯಕ 18ನೇ ಶತಮಾನದ ಮೊದಲಲ್ಲಿ ಸಂಸ್ಕೃತದಲ್ಲಿ ಬರೆದ ‘ಶಿವತತ್ತ್ವರತ್ನಾಕರ’ದಲ್ಲೂ ಪಾಕದ ಭಾಗ ಇದೆ. ಸರಿ. ಇವು ನಮ್ಮವರೆಗೆ ಬಂದದ್ದು ಹೇಗೆ? ಯಾರೋ ಒಬ್ಬರು ಅಟ್ಟದ ಮೇಲಿಟ್ಟು ಮರೆತಿದ್ದರಿಂದಲಾ? ನಮ್ಮ ಹವೆಯಲ್ಲಿ ಮರೆತ ತಾಳೆಗರಿಯನ್ನ ಹುಳ ತಿನ್ನತ್ತೆ. ಗರಿ ಹಾಳಾಗೋ ಮೊದಲು ಯಾರೋ ಕೂತು ಇನ್ನೊಂದು ಗರಿಗೆ ಇಳಿಸಿಕೊಂಡರು, ಅದು ಹಾಳಾಗೋ ಮೊದಲು ಇನ್ಯಾರೋ. ಎಷ್ಟೋ ಬಿಟ್ಟರು, ಬೇಕಾದ್ದನ್ನ ಬರೆದುಕೊಂಡರು. ಉಳಿದದ್ದು ಬರೆದುಕೊಂಡದ್ದು. ನಾನಾದರೋ ಒಂದು ಸಾಲು ಬರೆದುಕೊಳ್ಳದೆ ಕಪಾಟಿನ ಅಗಲದ ಬಗ್ಗೆ ಜಗಳ ಆಡ್ತಿದ್ದೆ.

ಕೊನೆಗೆ ಅಮ್ಮ ಒಂದು ಕರಾರು ಹಾಕಿದಳು. “ನಿಂಗೆ ಯಾವ ಪುಸ್ತಕ ಬೇಕೋ ಇಟ್ಕೋ. ಇವತ್ತು ಅದ್ರಲ್ಲಿರೋ ಒಂದು ಅಡುಗೆ ಮಾಡಿ ನಮಗೆಲ್ಲ ಬಡಿಸು.” ನಾನು ಅಜ್ಜಿಯ ನೋಟ್‌ಬುಕ್ಕನ್ನೇ ಎತ್ತಿಕೊಂಡೆ. ಮೊಟ್ಟೆ ಇಲ್ಲದ ಕೇಕು. ಮೈದಾ ಒಂದು ಪಾವು, ಸಕ್ಕರೆ ಮುಕ್ಕಾಲು ಪಾವು, ನಾಲ್ಕಾಣೆ ಮೇಲೆ ನಿಲ್ಲುವಷ್ಟು ಸೋಡಾ. ದಪ್ಪ ತಳದ ಪಾತ್ರೆಗೆ ಮರಳು ಹಾಕಿ ಕಾಯಿಸಿ, ಅದರೊಳಗೆ ಇನ್ನೊಂದು ಪಾತ್ರೆ ಇಟ್ಟು, ಮುಚ್ಚಳದ ಮೇಲೆ ಕೆಂಡ. ಪಾವು ಅಂದ್ರೆ ಕಾಲು ಸೇರು ಅಂತ ಗೊತ್ತು. ಆದ್ರೆ ಯಾವ ಸೇರು? ಮೆಟ್ರಿಕ್ ಅಳತೆಯ ಕಾಯಿದೆ ಬಂದದ್ದು 1956ರಲ್ಲಿ. ಅದಕ್ಕೆ ಮೊದಲು ಸೇರು ಊರಿಂದೂರಿಗೆ ಬೇರೆ ಇತ್ತು. ಕಾಯಿದೆ ಬಂದರೂ ನಮ್ಮ ಅಡುಗೆಮನೆಗಳಿಗೆ ಅದು ಬರೋಕೆ ಎಷ್ಟೋ ಕಾಲ ಹಿಡೀತು. ಅಮ್ಮ ಅಕ್ಕಿ ಡಬ್ಬದೊಳಗಿಂದ ಅಜ್ಜಿಯದೇ ಪಾವು ತೆಗೆದುಕೊಟ್ಟಳು. ಇಷ್ಟು ದಿನ ಅದನ್ನ ಅಕ್ಕಿ ತೋಡೋ ಲೋಟ ಅಂದುಕೊಂಡಿದ್ದೆ. ನಾಲ್ಕಾಣೆ? 25 ಪೈಸೆ ನಾಣ್ಯದ ಚಲಾವಣೆ 2011ರ ಜೂನ್ ಕೊನೆಗೇ ಮುಗಿದಿದೆ. ಅದೂ ದೇವರ ಮನೆಯ ಡಬ್ಬಿಯಲ್ಲಿ ಒಂದು ಸಿಕ್ಕಿತು. ಸ್ಕ್ಯಾನ್ ಮಾಡಿ ಪಾವು ಗುಜರಿಗೆ ಹಾಕಿದ್ದಿದ್ರೆ ಏನು ಮಾಡ್ತಿದ್ದೆ, ಹೇಳಿ.

ಎರಡೂವರೆ ಗಂಟೆ ಆಯ್ತು. ಕೇಕು ಇಟ್ಟಿಗೆ ಆಗಿತ್ತು. ಅಪ್ಪಯ್ಯ ಮಾತಾಡದೆ ಕಾಫಿಗೆ ಅದ್ದಿಕೊಂಡು ತಿಂದರು. ನಾನು ಮುಖ ಸಣ್ಣ ಮಾಡಿಕೊಂಡಿದ್ದೆ. ಅಮ್ಮ ನಿಧಾನಕ್ಕೆ ಅಂದಳು, “ನಿನ್ನ ತಪ್ಪಲ್ಲ. ಅಜ್ಜಿ ಮಾಡಿದಾಗ್ಲೂ ಹೀಗೇ ಆಗಿತ್ತು. ಅದಕ್ಕೇ ಎರಡನೇ ಸಲ ಮಾಡ್ಲಿಲ್ಲ. ಆ ಪುಟದಲ್ಲಿ ಒಂದು ಕಲೆ ಇದ್ಯಾ ನೋಡು.”

ನೋಡಿದೆ. ಇರಲಿಲ್ಲ. ಬರ್ಫಿಯ ಪುಟ ಮಾತ್ರ ತುಪ್ಪ ಕುಡಿದು ಆಚೆ ಕಡೆಯ ಅಕ್ಷರ ಈಚೆ ಕಾಣ್ತಿತ್ತು. ಹುಟ್ಟಿದಾಗಿನಿಂದ ಆ ನೋಟ್‌ಬುಕ್ಕು ನೋಡಿದ್ದೀನಿ, ಅದನ್ನ ಓದೋದು ಹೀಗೆ ಅಂತ ಗೊತ್ತೇ ಇರಲಿಲ್ಲ.

ಆಮೇಲೆ ನಾನು ಬಾಯಿ ಮುಚ್ಚಿಕೊಂಡು ಸಾಮಾನು ಎತ್ತಿಡೋ ಕೆಲಸ ಮಾಡಿದೆ. ಆರಿಸಿದ್ದು ಅಮ್ಮ. ಕೈಬರಹದ 5 ಉಳಿದವು, ಅದರ ಬಗ್ಗೆ ಅಕ್ಕನೂ ಚಕಾರ ಎತ್ತಲಿಲ್ಲ. ಅಚ್ಚಾದದ್ದರಲ್ಲಿ 6 ಇಟ್ಟುಕೊಂಡಳು. ಆರಕ್ಕೂ ರಟ್ಟು ಕಿತ್ತು ಹೋಗಿದೆ, ಆರರಲ್ಲೂ ಅವಳು ಪೆನ್ಸಿಲ್‌ನಲ್ಲಿ ಅಳತೆ ತಿದ್ದಿದ್ದಾಳೆ. ಒಂದು ಕಡೆ ಲೇಖಕಿಯ ಮೆಣಸಿನಕಾಯಿ ಲೆಕ್ಕ ಹೊಡೆದು ಹಾಕಿ ‘ಹುಚ್ಚು’ ಅಂತ ಬರೆದಿದ್ದಾಳೆ! 29 ಗುಜರಿಗೆ ಹೋದವು. ಕಣ್ಣೀರೇನೂ ಬರಲಿಲ್ಲ.

ಕೊಡೋ ಮೊದಲು ಮಾತ್ರ ನಾನು ಒಂದೊಂದನ್ನೂ ಬೆನ್ನು ಹಿಡಿದು ತಲೆಕೆಳಗೆ ಮಾಡಿ ಕೊಡವಿದೆ. ಇದೊಂದು ನೀವೂ ದಯವಿಟ್ಟು ಮಾಡಿ. ಓವನ್ನಿನ ಪುಸ್ತಕದೊಳಗಿಂದ ಒಂದು ಸಹಕಾರ ಸಾರಿಗೆ ಬಸ್ ಟಿಕೆಟ್ ಬಿತ್ತು. ಕೊಪ್ಪದ ಕಾರ್ಮಿಕರೇ 1991ರಲ್ಲಿ ಕಟ್ಟಿ, 2020ರಲ್ಲಿ ನಿಂತುಹೋದ ಬಸ್ಸು. ನಮ್ಮ ಕಡೆಯವರಿಗೆ ಆ ಹೆಸರು ಕೇಳಿದ್ರೆ ಈಗಲೂ ಒಂಥರಾ ಆಗತ್ತೆ. ಟಿಕೆಟ್ಟಿನ ಹಿಂದೆ ಅಜ್ಜಿಯ ಅಕ್ಷರದಲ್ಲಿ ಮೂರು ಸಾಲು. ಹಲಸಿನ ಹಪ್ಪಳಕ್ಕೆ ನೂರು ತೊಳೆಗೆ ಉಪ್ಪು ಎಷ್ಟು, ಖಾರ ಎಷ್ಟು, ಜೀರಿಗೆ ಎಷ್ಟು. ಬಸ್ಸಲ್ಲಿ ಪಕ್ಕದ ಸೀಟಿನವರು ಹೇಳಿದ್ದಿರಬೇಕು ಅಂತ ಅಮ್ಮನ ಅಂದಾಜು.

ಭಾನುವಾರ ಸಂಜೆ ಬಸ್ಸಿಗೆ ಇನ್ನೂ ಹೊತ್ತಿತ್ತು. ಅಜ್ಜಿಯ ಎರಡನೇ ನೋಟ್‌ಬುಕ್ಕಿನ ಹಿಂದೆ ಹದಿನೆಂಟು ಖಾಲಿ ಹಾಳೆ ಇದ್ದವು. ಅಮ್ಮ ಹೇಳಿದಳು, ನಾನು ಬರೆದೆ. ಕಳಲೆ ನೆನೆಸೋದು, ಮರಕೆಸುವಿಗೆ ಹುಳಿ ಎಷ್ಟು, ಗೊತ್ತಿರೋ ಎರಡು ಮಿಡಿ ಮರ ಯಾವ ಹಳ್ಳದ ಯಾವ ಬದಿ. “ಇದನ್ನೆಲ್ಲ ಬರೀಬೇಕಾ?” ಅಂತ ಪ್ರತಿಯೊಂದಕ್ಕೂ ಕೇಳ್ತಿದ್ದಳು. ಆರು ಹಾಳೆ ಆಯ್ತು, ಬಸ್ ಬಂತು.

ಉಳಿದ 21 ಪುಸ್ತಕ ಈಗ ನನ್ನ ಬಾಡಿಗೆ ಮನೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆಯಲ್ಲಿವೆ. ಚೆನ್ನಾಗಿವೆ, ಹರಿದಿಲ್ಲ, ಬೂಸ್ಟೂ ಒರೆಸಿದ್ದೀನಿ. ಯಾರಿಗಾದ್ರೂ ಬೇಕಿದ್ರೆ ಹೇಳಿ, ಅಂಚೆ ಖರ್ಚು ನಂದು. ಮಲೆನಾಡಿನ ಅಡುಗೆಯ ಆ ಎರಡೂ ಇದರಲ್ಲೇ ಇವೆ. ಕಳಲೆ ಪುಟದಲ್ಲಿ ‘ಮೂರು ದಿನ ನೀರು ಬದಲಾಯಿಸಿ’ ಅಂತ ಕೆಂಪು ಶಾಯಿಯಲ್ಲಿ ಬರೆದಿದ್ದೀನಿ, ನೋಡ್ಕೊಳ್ಳಿ.